ದೇವಿ ಹಾಕಿಸಿದ ತೋಳು: ಬಳ್ಳಾರಿ ಸೀಮೆಯಿಂದ ಕಂಡ ಲಸಿಕೆಯ ಚರಿತ್ರೆ

ಚರಿತ್ರೆಗೆ ಆಧಾರವೆಂದರೆ ಶಾಸನ, ಕಡತ, ಕೈಫಿಯತ್ತು, ಸರ್ಕಾರದ ದಫ್ತರ ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಮನುಷ್ಯನ ಮೈಯೂ ಒಂದು ಆಧಾರವಾಗಬಲ್ಲುದೆಂಬುದು ನಮಗೆ ಮನವರಿಕೆಯಾದುದು ಮೋಕದಲ್ಲಿ. ಬಳ್ಳಾರಿ ತಾಲ್ಲೂಕಿನ ಈ ಊರು ಹಗರಿಯ ದಂಡೆಯ ಎರೆಭೂಮಿಯಲ್ಲಿದೆ. ಇಲ್ಲಿಯ ಮನೆಗಳಲ್ಲಿ ಕನ್ನಡವೂ ತೆಲುಗೂ ಒಂದೇ ಉಸಿರಿನಲ್ಲಿ ಬರುತ್ತವೆ. ಸ್ಥಳೀಯ ಚರಿತ್ರೆಯ ಸಾಮಗ್ರಿಯನ್ನು ಸಂಗ್ರಹಿಸಲೆಂದು ವಿದ್ಯಾರ್ಥಿಗಳೊಡನೆ ನಾವು ಅಲ್ಲಿಗೆ ಹೋಗಿದ್ದೆವು. ವೃದ್ಧೆಯೊಬ್ಬರು ಮಾತಿನ ನಡುವೆ ಸೆರಗನ್ನು ಸರಿಸಿ, ಎಡದೋಳಿನ ಮೇಲಿದ್ದ ಕಾಸಿನಗಲದ ಎರಡು ಕಲೆಗಳನ್ನು ತೋರಿಸಿದರು. “ಇದು ಅಮ್ಮ ಬಂದು ಆಗಿದ್ದಲ್ಲಪ್ಪಾ, ಅಮ್ಮ ಬರಬಾರ್ದಂತ ಹಾಕ್ಸಿದ್ದು” ಎಂದರು. ನಮ್ಮೊಡನಿದ್ದ ವಿದ್ಯಾರ್ಥಿಗಳಲ್ಲಿ ಯಾರ ತೋಳಿನಲ್ಲಿಯೂ ಆ ಬಗೆಯ ಕಲೆ ಇರಲಿಲ್ಲ. ಅವರಲ್ಲೊಬ್ಬನು ಅದೇನೆಂದು ಕೇಳಿದನು. ಆ ಪ್ರಶ್ನೆಗೆ ಅಂದು ಕೊಟ್ಟ ಉತ್ತರ ನಮಗೇ ಸಾಲದೆನಿಸಿದುದರಿಂದ ಈ ಲೇಖನವನ್ನು ಬರೆಯಬೇಕಾಯಿತು.

ಮೊದಲು ಶಬ್ದದ ವಿಚಾರ. ಇಂದು ನಾವು ಬಳಸುವ ‘ಲಸಿಕೆ’ ಎಂಬುದು ದೇಹದ ದ್ರವವನ್ನು ಹೇಳುವ ಸಂಸ್ಕೃತ ಶಬ್ದದಿಂದ ಬಂದುದು. ಅದು ಗ್ರಂಥಸ್ಥ ಮಾತು. ಜನರ ಬಾಯಲ್ಲಿ ಇದ್ದುದು ಬೇರೆ. ಹಳೆಯ ಮೈಸೂರಿನ ಕಡೆ ‘ದಾಕು ಹಾಕಿಸುವುದು’, ‘ಮೈಲಿ ಹಾಕಿಸುವುದು’. ಉತ್ತರ ಕರ್ನಾಟಕದ ಕಡೆ ‘ದೇವಿ ಹಾಕಿಸುವುದು’. ರೋಗಕ್ಕೂ ದೇವಿಯೆಂದೇ ಹೆಸರು, ರೋಗವನ್ನು ತಡೆಯುವ ಕ್ರಿಯೆಗೂ ಅದೇ ಹೆಸರು. ಲಸಿಕೆಯೆಂದರೆ ದೇವಿಯ ಮೇಲಿನ ದಂಗೆಯೆಂದು ಜನ ಬಗೆದರೆಂದೂ, ಆದುದರಿಂದಲೇ ವಿರೋಧಿಸಿದರೆಂದೂ ಹಿಂದಿನ ಅಧಿಕಾರಿಗಳ ವರದಿಗಳು ಮತ್ತೆ ಮತ್ತೆ ಹೇಳುತ್ತವೆ. ಈ ಪ್ರಯೋಗವಾದರೋ ಆ ಮಾತನ್ನು ಸುಲಭವಾಗಿ ಒಪ್ಪಗೊಡುವುದಿಲ್ಲ. ಸಣ್ಣ ಪ್ರಮಾಣದಲ್ಲಿ ದೇವಿಯನ್ನೇ ಮೈಮೇಲೆ ಬರಮಾಡಿಕೊಂಡು ದೊಡ್ಡ ಪ್ರಮಾಣದಲ್ಲಿ ಬಾರದಂತೆ ಬೇಡಿಕೊಳ್ಳುವುದು ಎಂದು ಜನ ಅದನ್ನು ಅರ್ಥಮಾಡಿಕೊಂಡಿದ್ದರೆಂದು ನಮಗೆ ತೋರುತ್ತದೆ. ವೈದ್ಯಶಾಸ್ತ್ರದ ವಿವರಣೆಯೂ ಇದರಿಂದ ಬಹಳ ದೂರವಿಲ್ಲ.

ಹಾಗಾದರೆ ಜನ ಹಿಂಜರಿದುದೇಕೆ? ಇದೇ ಪ್ರಕೃತ ಲೇಖನದ ಪ್ರಶ್ನೆ.

ಸಿಡುಬಿನ ಭೀಕರತೆಯನ್ನು ಇಂದಿನ ತರುಣರಿಗೆ ತಿಳಿಯಹೇಳುವುದು ಕಷ್ಟ. ಲಸಿಕೆಯಿಲ್ಲದ ನೂರು ಮಂದಿಗೆ ರೋಗ ತಗುಲಿದರೆ ಸುಮಾರು ಮೂವತ್ತು ಮಂದಿ ಸಾಯುತ್ತಿದ್ದರು. ಉಳಿದವರಲ್ಲಿ ಬಹುಮಂದಿಗೆ ಮುಖದ ತುಂಬ ಕುಳಿ, ಕೆಲವರಿಗೆ ಕುರುಡು. ಒಮ್ಮೆ ಬಂದು ಹೋದವರಿಗೆ ಮತ್ತೆ ಬಾರದೆಂಬುದನ್ನು ಎಲ್ಲ ದೇಶಗಳ ಜನರೂ ಕಂಡುಕೊಂಡಿದ್ದರು. ಬಂಗಾಳದಲ್ಲಿ ರೋಗಿಯ ಗುಳ್ಳೆಯ ಕೀವನ್ನೇ ಆರೋಗ್ಯವಂತರ ಚರ್ಮಕ್ಕೆ ಗೀರಿ ಹಚ್ಚುವ ‘ಟೀಕಾ’ ಪದ್ಧತಿ ಇದ್ದುದನ್ನು ಹಾಲ್‌ವೆಲ್ಲನು 1767ರಲ್ಲಿ ವಿವರವಾಗಿ ಬರೆದಿದ್ದಾನೆ. ಅದರಲ್ಲಿ ರಕ್ಷಣೆಯೂ ಉಂಟು, ಅಪಾಯವೂ ಉಂಟು. ಹಾಕಿಸಿಕೊಂಡವನಿಗೆ ಲಘುವಾಗಿ ಬಂದರೂ ಅವನಿಂದ ನೆರೆಯವನಿಗೆ ನಿಜವಾದ ಸಿಡುಬೇ ಹಬ್ಬಬಹುದಾಗಿತ್ತು. ತನ್ನ ಆರೋಗ್ಯ, ಊರಿನ ಆರೋಗ್ಯ ಎಂಬ ಎರಡು ಲೆಕ್ಕಗಳು ಇಲ್ಲಿ ಒಂದಕ್ಕೊಂದು ಎದುರಾಗಿ ನಿಂತಿದ್ದವು. 1796ರ ಮೇ 14ರಂದು ಎಡ್ವರ್ಡ್ ಜೆನ್ನರನು ಗೋಸಿಡುಬಿನ ದ್ರವವನ್ನು ಬಾಲಕನೊಬ್ಬನಿಗೆ ಹಾಕಿ ತೋರಿಸಿದ ವಿಧಾನದ ಹೆಚ್ಚಳವಿರುವುದು ಇಲ್ಲಿಯೇ. ಹಾಕಿಸಿಕೊಂಡವನೂ ಸುರಕ್ಷಿತ, ಅವನ ಪಕ್ಕದವನೂ ಸುರಕ್ಷಿತ.

ಆ ದ್ರವವನ್ನು ಹಿಂದೂಸ್ಥಾನಕ್ಕೆ ತರುವುದು ಸುಲಭವಾಗಿರಲಿಲ್ಲ. ಹಡಗಿನ ತಿಂಗಳುಗಟ್ಟಲೆಯ ಪ್ರಯಾಣದಲ್ಲಿ, ಉಷ್ಣವಲಯದ ಬಿಸಿಲಿನಲ್ಲಿ, ಅದು ಕೆಟ್ಟುಹೋಗುತ್ತಿತ್ತು. ಕೊನೆಗೆ ವಿಯೆನ್ನಾದಿಂದ ಕಾನ್‌ಸ್ಟಾಂಟಿನೋಪಲ್, ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ ಬಂದ ದ್ರವದಿಂದ 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಹೆಣ್ಣುಮಗುವಿಗೆ ಲಸಿಕೆ ಹಾಕಿದುದು ಫಲಿಸಿತು. ಅಲ್ಲಿಂದ ಮುಂದೆ ಅದು ಪಯಣಿಸಿದುದು ಮಕ್ಕಳ ತೋಳಿನ ಮೇಲೆ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯಿಂದ ಎಂಟನೆಯ ದಿನದ ಹೊತ್ತಿಗೆ ದ್ರವ ತೆಗೆದು ಇನ್ನೊಂದು ಮಗುವಿಗೆ ಹಾಕಬೇಕು. ಸರಪಳಿ ಒಂದೆಡೆ ಕಡಿದರೆ ಇಡೀ ಸೀಮೆಗೆ ಮದ್ದಿಲ್ಲ. ಜಾತಿಭೇದವುಳ್ಳ ಸಮಾಜದಲ್ಲಿ ಒಬ್ಬರ ಮೈಯ ರಸವನ್ನು ಇನ್ನೊಬ್ಬರ ಮೈಗೆ ಸೇರಿಸುವ ಈ ಕ್ರಮ ಎಷ್ಟು ಇರಿಸುಮುರಿಸನ್ನುಂಟುಮಾಡಿರಬೇಕೆಂಬುದನ್ನು ವಾಚಕರು ಊಹಿಸಬಹುದು. ಇದರಿಂದ ಬೇರೆ ರೋಗಗಳೂ ದಾಟಬಹುದೆಂಬ ಅಂಜಿಕೆಯಂತೂ ಬರಿಯ ಮೌಢ್ಯವಲ್ಲ. ಯೂರೋಪಿನ ವೈದ್ಯರೇ ಮುಂದೆ ಅದನ್ನು ಒಪ್ಪಿಕೊಂಡು ಕರುಗಳಿಂದ ದ್ರವ ತೆಗೆಯುವ ಕ್ರಮಕ್ಕೆ ತಿರುಗಿದರು.

ಕನ್ನಡನಾಡಿನ ಮಟ್ಟಿಗೆ ಈ ಘಟ್ಟದ ಅಪೂರ್ವವಾದ ಸಾಕ್ಷ್ಯವೊಂದು ಚಿತ್ರರೂಪದಲ್ಲಿ ಉಳಿದಿದೆ. 1805ರ ಸುಮಾರಿಗೆ ತಾಮಸ್ ಹಿಕಿಯೆಂಬ ಚಿತ್ರಕಾರನು ಮೈಸೂರಿನಲ್ಲಿ ಬರೆದ ಮೂವರು ಸ್ತ್ರೀಯರ ಚಿತ್ರವನ್ನು ಬಹುಕಾಲ ನರ್ತಕಿಯರದೆಂದು ಭಾವಿಸಲಾಗಿತ್ತು. ನೈಜೆಲ್ ಚಾನ್ಸಲರ್ ಎಂಬ ಇತಿಹಾಸಕಾರರು, ಅದರಲ್ಲಿ ಬಲಗಡೆ ನಿಂತವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿಯೆಂದೂ, ಸೆರಗನ್ನು ಸರಿಸಿ ಅವಳು ತೋರಿಸುತ್ತಿರುವುದು ಲಸಿಕೆ ಹಾಕಿದ ಸ್ಥಳವನ್ನೆಂದೂ, ನಡುವೆ ಇರುವವರು ರಾಜಮಾತೆ ಲಕ್ಷ್ಮಮ್ಮಣ್ಣಿಯವರೆಂದೂ ವಾದಿಸಿದ್ದಾರೆ. ರಾಣಿ ಲಸಿಕೆ ಹಾಕಿಸಿಕೊಂಡುದರಿಂದ ಪ್ರಜೆಗಳ ಮೇಲೆ ಒಳ್ಳೆಯ ಪರಿಣಾಮವಾಯಿತೆಂಬರ್ಥದ 1806ರ ಜುಲೈ ತಿಂಗಳಿನ ದಾಖಲೆಯೊಂದನ್ನು ಅವರು ಇದಕ್ಕೆ ಆಧಾರವಾಗಿ ಕೊಡುತ್ತಾರೆ. ಚಿತ್ರದ ವ್ಯಾಖ್ಯಾನ ನಿರ್ವಿವಾದವಲ್ಲ. ಆದರೂ ಮೋಕದ ವೃದ್ಧೆ ಸೆರಗು ಸರಿಸಿದ ಬಗೆಯನ್ನು ಕಂಡ ನಮಗೆ ಆ ಚಿತ್ರ ಕಣ್ಣಮುಂದೆ ಬಂದುದು ಸುಳ್ಳಲ್ಲ.

ಮೈಸೂರಿನಲ್ಲಿ ಅರಮನೆಯ ಮಾದರಿಯಿಂದ ಜನರನ್ನು ಒಲಿಸಲು ನೋಡಿದರೆ, ಮದ್ರಾಸಿನ ಕಡೆ ಶಾಸ್ತ್ರಪ್ರಮಾಣದಿಂದ ಒಲಿಸುವ ಯತ್ನ ನಡೆಯಿತು. ಗೋಸಿಡುಬಿನ ಲಸಿಕೆ ಧನ್ವಂತರಿಗೇ ತಿಳಿದಿತ್ತೆಂದು ಹೇಳುವ ಸಂಸ್ಕೃತ ಭಾಗವೊಂದು 1819ರಲ್ಲಿ ಮದ್ರಾಸಿನ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದು ಪ್ರಾಚೀನ ಗ್ರಂಥದ ಭಾಗವಲ್ಲ, ಒಳ್ಳೆಯ ಉದ್ದೇಶದಿಂದ ಹೊಸೆದ ಕೂಟಸೃಷ್ಟಿಯೆಂದು ವಿದ್ವಾಂಸರು ತೀರ್ಮಾನಿಸಿದ್ದಾರೆ. ದ್ರಾವಿಡ ಭಾಷೆಗಳ ಬಾಂಧವ್ಯವನ್ನು 1816ರಲ್ಲಿ ಎತ್ತಿ ತೋರಿಸಿದ ಎಲ್ಲಿಸನೂ ಲಸಿಕೆಯ ಪ್ರಚಾರಕ್ಕಾಗಿ ಇಂಥ ರಚನೆಗೆ ಕೈಹಾಕಿದ್ದನೆಂಬುದು ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ಕುತೂಹಲಕರವಾಗಿ ಕಂಡೀತು. ಸುಳ್ಳು ಪ್ರಮಾಣದಿಂದ ಸತ್ಯವಾದ ವಸ್ತುವನ್ನು ಹರಡುವುದು ನಮಗೆ ಹಿತವಾಗದು. ಅಂದಿನ ಆ ಭಾಗವನ್ನೇ ಆಧಾರವಾಗಿಟ್ಟುಕೊಂಡು, ಲಸಿಕೆ ನಮ್ಮ ಪೂರ್ವಿಕರದೇ ಎಂದು ಮುಂದಿನವರು ವಾದಿಸುವಂತಾಯಿತು.

ಇನ್ನು ಬಳ್ಳಾರಿ. 1800ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ‘ದತ್ತ ಮಂಡಲ’ದ ಭಾಗವಾಗಿ ಈ ಸೀಮೆ ಮದ್ರಾಸಿಗೆ ಸೇರಿತು; ಮನ್ರೋ ಮೊದಲ ಪ್ರಧಾನ ಕಲೆಕ್ಟರನಾದನು. (ಮುಂದೆ ಮದ್ರಾಸಿನ ಗವರ್ನರನಾಗಿ ಈ ಸೀಮೆಗೆ ಮತ್ತೆ ಬಂದಾಗ, 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಅವನು ಕಾಲರಾದಿಂದ ತೀರಿಕೊಂಡನು. ಸಾಂಕ್ರಾಮಿಕ ರೋಗ ಆಳುವವನನ್ನೂ ಬಿಡಲಿಲ್ಲ.) ತುಂಗಭದ್ರೆಯ ಆಚೆ ದಡ ನಿಜಾಮನದು, ದಕ್ಷಿಣಕ್ಕೆ ಮೈಸೂರು, ನಡುವೆ ಮದ್ರಾಸು. ಮೂರು ಸರ್ಕಾರಗಳ ಮೂರು ಪದ್ಧತಿಗಳ ನಡುವೆ ರೋಗ ಮಾತ್ರ ಜಾತ್ರೆ, ಸಂತೆ, ಮದುವೆಗಳೊಡನೆ ತಡೆಯಿಲ್ಲದೆ ತಿರುಗುತ್ತಿತ್ತು. 1876ರಿಂದ 1878ರ ಮಹಾಕ್ಷಾಮದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಹಸಿವಿನಿಂದ ಊರು ಬಿಟ್ಟ ಜನರೊಡನೆ ಸಿಡುಬೂ ಕಾಲರಾವೂ ಊರಿಂದೂರಿಗೆ ನಡೆದವು.

ಇಪ್ಪತ್ತನೆಯ ಶತಮಾನದ ಆದಿಯಿಂದ ಮದ್ರಾಸು ಪ್ರಾಂತ್ಯಕ್ಕೆ ಸಿಡುಬಿನ ಲಸಿಕೆ ಗಿಂಡಿಯ ಕಿಂಗ್ ಸಂಸ್ಥೆಯಲ್ಲಿ ಕರುಗಳಿಂದ ತಯಾರಾಗುತ್ತಿತ್ತು. ತೋಳಿನಿಂದ ತೋಳಿಗೆ ಹಾಕುವ ಕ್ರಮ ನಿಂತುದರಿಂದ ಹಳೆಯ ಆಕ್ಷೇಪಗಳಲ್ಲಿ ಒಂದು ಮುಖ್ಯವಾದುದು ತೊಲಗಿತು. ಆದರೆ ಬಿಸಿಲಿನ ಸಮಸ್ಯೆ ತೊಲಗಲಿಲ್ಲ. ದ್ರವರೂಪದ ಲಸಿಕೆ ತಂಪಿನಲ್ಲಿ ಮಾತ್ರ ಬಾಳುತ್ತದೆ. ಬಳ್ಳಾರಿಯ ಚೈತ್ರ ವೈಶಾಖಗಳ ಬಿಸಿಲು ಎಂಥದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಚಳಿಗಾಲದಲ್ಲಿಯೇ ಹಾಕಬೇಕೆಂಬ ನಿಯಮ ಇದರಿಂದಲೇ ಬಂದಿತು. ಸಿಡುಬು ಹಬ್ಬುವ ಕಾಲವಾದರೋ ಬೇಸಗೆ. ರೋಗ ಎದ್ದಮೇಲೆ ಓಡಿಬಂದು, ರೈಲಿನಲ್ಲಿಯೂ ಗಾಡಿಯಲ್ಲಿಯೂ ಕಾದ ಲಸಿಕೆಯನ್ನು ಹಾಕಿದರೆ ಅದು ‘ಏಳುತ್ತಿರಲಿಲ್ಲ’. ಮೋಕದ ವೃದ್ಧೆಯೂ ಈ ಮಾತನ್ನೇ ಬಳಸಿದರು. ತಮ್ಮದು ಎದ್ದಿತು, ಬೇಸಗೆಯಲ್ಲಿ ಹಾಕಿಸಿಕೊಂಡ ತಮ್ಮ ಅಕ್ಕನದು ಏಳಲಿಲ್ಲ; ಅಕ್ಕನಿಗೆ ಮುಂದೆ ಅಮ್ಮ ಬಂದಳು. ಒಬ್ಬರ ನೆನಪನ್ನು ಪ್ರಮಾಣವೆಂದು ಹಿಡಿಯುವುದು ನಮ್ಮ ಶಾಸ್ತ್ರಕ್ಕೆ ಒಪ್ಪುವಂಥದಲ್ಲ. ಆದರೆ ಇಂಥ ಅನುಭವ ಒಂದು ಓಣಿಯಲ್ಲಿ ಒಮ್ಮೆ ಆದರೆ ಸಾಕು, ಹಾಕಿಸಿದರೂ ಬರುತ್ತದೆಂಬ ಮಾತು ಮೂರು ತಲೆಮಾರು ಉಳಿಯುತ್ತದೆ.

ಇದಕ್ಕೆ ನೋವನ್ನೂ ಸೇರಿಸಬೇಕು. ತುದಿಯಲ್ಲಿ ಮುಳ್ಳುಗಳಿದ್ದ ತಿರುಗುವ ಉಪಕರಣವನ್ನು ತೋಳಿಗೊತ್ತಿ ತಿರುವುತ್ತಿದ್ದರು, ಅದೂ ಒಂದಕ್ಕಿಂತ ಹೆಚ್ಚು ಕಡೆ. ಜ್ವರ ಬರುತ್ತಿತ್ತು, ತೋಳು ಬಾಯುತ್ತಿತ್ತು, ಹುಣ್ಣು ಮಾಯಲು ವಾರಗಳು ಹಿಡಿಯುತ್ತಿದ್ದವು. ಕಳೆ ತೆಗೆಯುವ ದಿನಗಳಲ್ಲಿ ಕೈ ಎತ್ತಲಾಗದಿದ್ದರೆ ಕೂಲಿಯವರ ಮನೆಯಲ್ಲಿ ಒಲೆ ಉರಿಯದು. ದೇವಿ ಹಾಕುವವರು ಊರಿಗೆ ಬಂದರೆಂದು ಕೇಳಿದೊಡನೆ ತಾಯಂದಿರು ಮಕ್ಕಳನ್ನು ಜೋಳದ ಹೊಲದಲ್ಲಿ ಬಚ್ಚಿಡುತ್ತಿದ್ದರಂತೆ. ಅವರನ್ನು ಅಜ್ಞಾನಿಗಳೆಂದು ಬರೆದವರು, ಆ ವರ್ಷ ಕೈಯಲ್ಲಿದ್ದ ಲಸಿಕೆಯಲ್ಲಿ ಸತ್ವವಿತ್ತೇ ಎಂಬುದನ್ನು ಮೊದಲು ನೋಡಬೇಕಾಗಿತ್ತು. ಅದೇ ತಾಯಂದಿರು ಸಿಡುಬಿನ ಮನೆಯ ಬಾಗಿಲಿಗೆ ಬೇವಿನ ಸೊಪ್ಪನ್ನು ಕಟ್ಟಿ, ಹೊರಗಿನವರು ಒಳಗೆ ಬಾರದಂತೆ ನಡೆದುಕೊಳ್ಳುತ್ತಿದ್ದರು. ಅದು ಭಕ್ತಿಯೂ ಹೌದು, ಊರಿಗೆ ಕೊಟ್ಟ ಎಚ್ಚರಿಕೆಯೂ ಹೌದು.

ಲಸಿಕೆಯ ಪಕ್ಷವನ್ನು ವಹಿಸುವವರು ಅದರ ಅವಘಡಗಳನ್ನು ಮರೆಮಾಡಬಾರದೆಂಬುದು ನಮ್ಮ ನಿಲುವು. ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿದ ಹಾಫ್ಕಿನ್ 1897ರ ಜನವರಿ 10ರಂದು ಮುಂಬಯಿಯಲ್ಲಿ ಅದನ್ನು ಮೊದಲು ತನ್ನ ಮೈಗೇ ಹಾಕಿಸಿಕೊಂಡನು. ಮಾರನೆಯ ವರ್ಷ ಹುಬ್ಬಳ್ಳಿಯಲ್ಲಿ ಪ್ಲೇಗು ಎದ್ದಾಗ ಅಲ್ಲಿಯ ಜನ ಸಾವಿರಗಟ್ಟಲೆಯಾಗಿ ಮುಂದೆ ಬಂದು ಹಾಕಿಸಿಕೊಂಡರು. ಆದರೆ 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹಾಫ್ಕಿನ್ ಅಪವಾದಕ್ಕೆ ಗುರಿಯಾದನು. ಸೀಸೆಯನ್ನು ಹಳ್ಳಿಯಲ್ಲಿ ತೆರೆಯುವಾಗ ನಡೆದ ಅಶುದ್ಧಿಯೇ ಕಾರಣವಿರಬೇಕೆಂದು ಹಿರಿಯ ವಿಜ್ಞಾನಿಗಳು ವಾದಿಸಿದ ಮೇಲೆ, 1907ರಲ್ಲಿ ಅವನು ನಿರ್ದೋಷಿಯೆನಿಸಿದನು. ಲಸಿಕೆಯೊಂದು ಜನರ ಮೈಗೆ ಸೇರುವ ಮೊದಲು ಎಷ್ಟು ಕೈಗಳನ್ನು ದಾಟುತ್ತದೆ, ಆ ಕೈಗಳಲ್ಲಿ ಒಂದು ತಪ್ಪಿದರೂ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮಗೆ ತಿಳಿಯದು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಮೋಕದವರ ಬೀಗರು ನೆಂಟರು ಅನೇಕರು ರಾಜ್ಯದ ಗಡಿಯಾಚೆ ಉಳಿದರು. ಸಿಡುಬನ್ನು ಪೂರ್ತಿಯಾಗಿ ತೊಲಗಿಸುವ ರಾಷ್ಟ್ರೀಯ ಯೋಜನೆ ಆರಂಭವಾದುದು 1962ರಲ್ಲಿ. ನೂರಕ್ಕೆ 80 ಮಂದಿಗೆ ಲಸಿಕೆ ಹಾಕಿದರೆ ಸಾಕೆಂಬುದು ಅದರ ಮೊದಲ ಲೆಕ್ಕ. ಆ ಲೆಕ್ಕದ ತಳಹದಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಒಬ್ಬ ಸಿಡುಬಿನ ರೋಗಿ ರಕ್ಷಣೆಯಿಲ್ಲದ ಊರಿನಲ್ಲಿ ಸುಮಾರು ಐದಾರು ಮಂದಿಗೆ ರೋಗ ಹಬ್ಬಿಸುತ್ತಾನೆ. ಊರಿನ ಐವರಲ್ಲಿ ನಾಲ್ವರು ರಕ್ಷಿತರಾಗಿದ್ದರೆ ಅವನ ಪಾಲಿಗೆ ಸಿಗುವವನು ಹೆಚ್ಚು ಕಡಮೆ ಒಬ್ಬನೇ. ರಕ್ಷಿತರ ಸಂಖ್ಯೆ ಇನ್ನಷ್ಟು ಹೆಚ್ಚಿದರೆ ಸರಪಳಿ ತಾನಾಗಿ ಕಡಿಯುತ್ತದೆ. ಹಾಕಿಸಿಕೊಳ್ಳದವನಿಗೂ ಆಗ ರಕ್ಷಣೆ ದೊರೆಯುತ್ತದೆ. ಇದನ್ನು ಸಮೂಹರಕ್ಷೆ ಎನ್ನಬಹುದು.

ಲೆಕ್ಕ ಸರಿಯಾಗಿದ್ದರೂ ಫಲ ಬರಲಿಲ್ಲ. ಕಾರಣ ಸರಳವಾಗಿದೆ. ಗುರಿ ಮುಟ್ಟಿಸುವ ಆತುರದಲ್ಲಿ, ಕೈಗೆ ಸುಲಭವಾಗಿ ಸಿಗುವ ಶಾಲೆಯ ಮಕ್ಕಳಿಗೇ ಮತ್ತೆ ಮತ್ತೆ ಹಾಕಲಾಗುತ್ತಿತ್ತು. ಪುಸ್ತಕದಲ್ಲಿ ಸಂಖ್ಯೆ ಏರುತ್ತಿತ್ತು; ಹೊಸದಾಗಿ ಹುಟ್ಟಿದ ಕೂಸುಗಳು, ವಲಸೆ ಹೋದ ಕೂಲಿಯವರ ಮಕ್ಕಳು, ಊರ ಹೊರಗಿನ ಗುಡಿಸಲುಗಳು ಹಾಗೆಯೇ ಉಳಿಯುತ್ತಿದ್ದವು. ರಕ್ಷಣೆಯಿಲ್ಲದವರು ಊರೆಲ್ಲ ಚದುರಿದ್ದರೆ ಒಂದು ಮಾತು. ಅವರೆಲ್ಲ ಒಂದೇ ಕೇರಿಯಲ್ಲಿದ್ದರೆ ಆ ಕೇರಿಯ ಮಟ್ಟಿಗೆ 80 ಎಂಬುದು ಸೊನ್ನೆಯೇ.

ಗೆಲವು ತಂದುಕೊಟ್ಟುದು ಎರಡು ಸುಧಾರಣೆಗಳು. ಶೈತ್ಯದಲ್ಲಿ ಒಣಗಿಸಿದ ಪುಡಿರೂಪದ ಲಸಿಕೆ ಬಂದಿತು. 37 ಡಿಗ್ರಿ ಉಷ್ಣದಲ್ಲಿ ಒಂದು ತಿಂಗಳಿಟ್ಟರೂ ಅದು ಕೆಡದು. ಮೊದಲು ಸೋವಿಯತ್ ದೇಶ ಅದನ್ನು ಉದಾರವಾಗಿ ಕೊಟ್ಟಿತು; ಕ್ರಮೇಣ ನಮ್ಮ ದೇಶದ ನಾಲ್ಕು ಕಡೆ ತಯಾರಾಗತೊಡಗಿತು. ಗಿಂಡಿ, ಹೈದರಾಬಾದ್, ಪಟ್ವಡಾಂಗರ್‌ಗಳೊಡನೆ ನಮ್ಮ ಬೆಳಗಾವಿಯೂ ಅವುಗಳಲ್ಲೊಂದು. ಅಲ್ಲಿಯವರು ಇಂದಿಗೂ ‘ವ್ಯಾಕ್ಸಿನ್ ಡಿಪೋ’ ಎಂದು ಕರೆಯುವ ಮೈದಾನದ ಹೆಸರಿನಲ್ಲಿ ಆ ನೆನಪು ಉಳಿದಿದೆ. ತಿರುಗುವ ಮುಳ್ಳಿನ ಬದಲು ಕವಲುತುದಿಯ ಸೂಜಿ ಬಂದಿತು. ಒಂದು ಹನಿ, ಹದಿನೈದು ಚುಚ್ಚು, ನೋವು ಕಡಮೆ. ಇವುಗಳೊಡನೆ, ರೋಗ ಕಂಡ ಮನೆಯನ್ನು ಹುಡುಕಿ ಅದರ ಸುತ್ತಲಿನವರಿಗೆಲ್ಲ ಹಾಕುವ ಕ್ರಮವೂ ಸೇರಿತು. 1974ರಲ್ಲಿ ದೇಶದಲ್ಲಿ 1,88,000ಕ್ಕೂ ಹೆಚ್ಚು ಪ್ರಕರಣಗಳಾಗಿದ್ದವು, ಬಹುಪಾಲು ಬಿಹಾರದಲ್ಲಿ. ಮರುವರ್ಷ ಮೇ 17ರಂದು ಈ ನೆಲದ ಸೋಂಕಿನ ಕೊನೆಯ ಪ್ರಕರಣ ಕಂಡಿತು. 1980ರ ಮೇ 8ರಂದು ಜಗತ್ತೇ ಸಿಡುಬಿನಿಂದ ಮುಕ್ತವೆಂದು ಘೋಷಿತವಾಯಿತು. ಕೊನೆಯ ಘಟ್ಟದಲ್ಲಿ ಉತ್ತರದ ಕೆಲವೆಡೆ ಬಲಾತ್ಕಾರವೂ ನಡೆದುದನ್ನು ಸಂಶೋಧಕರು ದಾಖಲಿಸಿದ್ದಾರೆ. ಫಲದ ಹಿರಿಮೆಯಿಂದ ಆ ಕ್ರಮ ಸಮರ್ಥನೀಯವಾಗುವುದೇ ಎಂಬುದು ತರಗತಿಯಲ್ಲಿ ಚರ್ಚಿಸತಕ್ಕ ವಿಷಯ; ರಾತ್ರಿ ಬಾಗಿಲು ಮುರಿದು ಹಾಕಿದ ಲಸಿಕೆ ಮುಂದಿನ ಲಸಿಕೆಯ ದಾರಿಯನ್ನು ಕಠಿನಗೊಳಿಸುತ್ತದೆಂದು ನಾವು ಎಣಿಸುತ್ತೇವೆ.

ಸತ್ವದ ಪ್ರಶ್ನೆ ಮುಗಿದುಹೋದುದಲ್ಲ. ಶಿವಮೊಗ್ಗದ ಕಡೆ 1957ರಲ್ಲಿ ಕಂಡ ಕ್ಯಾಸನೂರು ಕಾಡಿನ ಕಾಯಿಲೆಗೆ ದಶಕಗಳ ಕಾಲ ಹಾಕುತ್ತಿದ್ದ ಲಸಿಕೆ ಪರೀಕ್ಷೆಯಲ್ಲಿ ಸತ್ವಹೀನವೆನಿಸಿ 2022ರಲ್ಲಿ ನಿಂತಿತು. ತೋಳು ಕೊಟ್ಟ ಮಲೆನಾಡಿನವರು ಅಂದು ಕೇಳಿದ ಪ್ರಶ್ನೆಗಳನ್ನು ಲಸಿಕೆಯ ವಿರೋಧವೆಂದು ಕರೆಯುವುದು ಅನ್ಯಾಯ.

ಇದೆಲ್ಲ ಇಂದಿನ ಮೋಕಕ್ಕೆ ಹೇಗೆ ಸಂಬಂಧಿಸುತ್ತದೆ? ದಡಾರವನ್ನು ನೋಡಿದರೆ ಸಾಕು. ಈ ಭಾಗದಲ್ಲಿ ಗೊಬ್ಬರವೆಂದು ಕರೆಯುವ ಈ ರೋಗ ಸಿಡುಬಿಗಿಂತ ಬಹುಪಾಲು ವೇಗವಾಗಿ ಹರಡುತ್ತದೆ. ಒಬ್ಬನಿಂದ 12ರಿಂದ 18 ಮಂದಿಗೆ ತಗುಲಬಲ್ಲುದು. ಆದುದರಿಂದ ಇಲ್ಲಿ 80 ಸಾಲದು, ನೂರಕ್ಕೆ 95 ಬೇಕು. 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳಲ್ಲಿ ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆಲ್ಲ ದಡಾರ-ರುಬೆಲ್ಲಾ ಲಸಿಕೆ ಹಾಕುವ ಅಭಿಯಾನ ನಡೆದಾಗ, ಮೊಬೈಲುಗಳಲ್ಲಿ ಹಬ್ಬಿದ ವದಂತಿಗಳಿಂದ ಹಿಂಜರಿದ ಮನೆಗಳು ಇದ್ದವು. ಅವುಗಳಲ್ಲಿ ಓದಿದವರ ಮನೆಗಳೂ ಇದ್ದುದನ್ನು ನಾವು ಬಲ್ಲೆವು. ಜೋಳದ ಹೊಲದಲ್ಲಿ ಮಕ್ಕಳನ್ನು ಬಚ್ಚಿಟ್ಟ ತಾಯಿಗೆ ಕೈಯಾರೆ ಕಂಡ ಕಾರಣವಾದರೂ ಇತ್ತು.

ದಡಾರದ ಲಸಿಕೆಯ ಮೊದಲ ಸರದಿ ಒಂಬತ್ತು ತಿಂಗಳು ತುಂಬಿದ ಮೇಲೆ, ಎರಡನೆಯದು ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ. ತಾಯಿಯಿಂದ ಬಂದ ರಕ್ಷಣೆ ಅದಕ್ಕೆ ಮೊದಲೇ ಕರಗತೊಡಗುತ್ತದೆ. ನಡುವಿನ ಆ ತಿಂಗಳುಗಳಲ್ಲಿ ಕೂಸಿಗೆ ತನ್ನದೆಂಬ ರಕ್ಷೆಯಿಲ್ಲ. ಮನೆಯ, ಅಂಗನವಾಡಿಯ, ಪಕ್ಕದ ಕೇರಿಯ ಮಕ್ಕಳ ತೋಳುಗಳೇ ಅದರ ರಕ್ಷೆ. ಹತ್ತಿ, ಮೆಣಸಿನಕಾಯಿ ಬಿಡಿಸುವ ಸುಗ್ಗಿಯಲ್ಲಿ ಕೂಲಿಗಾಗಿ ಗಡಿ ದಾಟುವ ಸಂಸಾರಗಳಲ್ಲಿ ಎರಡನೆಯ ಸರದಿ ತಪ್ಪಿಹೋಗುವುದು ಸುಲಭ.

ನಾವು ಮೋಕದಲ್ಲಿದ್ದ ದಿನ ಗುರುವಾರವಾಗಿತ್ತು, ಲಸಿಕೆಯ ದಿನ. ವೃದ್ಧೆಯ ಮೊಮ್ಮಗಳು ಎರಡು ವರ್ಷ ತುಂಬುತ್ತಿದ್ದ ಹಿರಿಯ ಮಗುವನ್ನು ಕೈಹಿಡಿದು, ಆರು ತಿಂಗಳ ಕೂಸನ್ನು ಸೊಂಟದಲ್ಲಿಟ್ಟುಕೊಂಡು, ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟುಕೊಂಡು ಹೊರಟು ನಿಂತಿದ್ದಳು. ಆಲೂರಿನ ಕಡೆ ಕೂಲಿಗೆ ಹೋಗಿದ್ದರಿಂದ ಹಿರಿಯ ಮಗುವಿನ ಎರಡನೆಯ ಸರದಿ ತಡವಾಗಿತ್ತು. ಅಂದು ಸೂಜಿ ಬೀಳುವುದಿದ್ದುದು ಆ ಮಗುವಿಗೆ. ಕೂಸಿನ ಸರದಿಗೆ ಇನ್ನೂ ಮೂರು ತಿಂಗಳಿದ್ದವು.